ಪ್ರಾಣ, ಆತ್ಮ, ಶರೀರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಪ್ರಾರ್ಥನಾ ಕೂಟಗಳಲ್ಲಿ, ಸಾವಿನ ಮನೆಗಳಲ್ಲಿ, ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಜನ ಕೇಳುವ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ, ಕೆಲವು ವಾಟ್ಸಾಪ್‌ನಲ್ಲಿ ಬಂದವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕ್ಯಾಥೊಲಿಕರು, ಸಿ.ಎಸ್.ಐ.ನವರು (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆ), ಪೆಂಟೆಕೋಸ್ಟಲ್ ಸಭೆಯವರು ಕೇಳಿದ್ದಾರೆ. ಕ್ರೈಸ್ತರಲ್ಲದ ನೆರೆಹೊರೆಯವರೂ ಕೇಳಿದ್ದಾರೆ. ಸಭೆಗಳ ನಡುವೆ ಅಭಿಪ್ರಾಯ ಬೇರೆ ಇರುವ ಕಡೆ ಅದನ್ನು ಹೇಳಿದ್ದೇನೆ. ನನ್ನ ಸ್ವಂತ ಅಭಿಪ್ರಾಯವನ್ನು ನನ್ನದೆಂದೇ ಹೇಳಿದ್ದೇನೆ.

## ಮೊದಲ ಪ್ರಶ್ನೆಗಳು

ಪ್ರಾಣ ಅಂದ್ರೇನು, ಆತ್ಮ ಅಂದ್ರೇನು? ಎರಡೂ ಒಂದೇ ಅಲ್ವಾ?

ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ‘ನೆಫೆಶ್’, ‘ರೂಅಖ್’ ಎಂಬ ಎರಡು ಪದಗಳಿವೆ. ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ಅವುಗಳ ಜಾಗಕ್ಕೆ ‘ಪ್ಸೂಖೆ’, ‘ಪ್ನ್ಯೂಮ’ ಬರುತ್ತವೆ. ಈ ಪುಟದಲ್ಲಿ ಮೊದಲನೆಯದನ್ನು ಪ್ರಾಣ, ಎರಡನೆಯದನ್ನು ಆತ್ಮ ಎಂದು ಕರೆಯುತ್ತೇನೆ.

ಪ್ರಾಣ ಎಂದರೆ ಬದುಕಿರುವ ಇಡೀ ಮನುಷ್ಯ. ಅವನ ಉಸಿರು, ಹಸಿವು, ಆಸೆ, ಅಳು, ‘ನಾನು’ ಅನ್ನುವ ಅರಿವು ಎಲ್ಲ ಅದರಲ್ಲಿ ಸೇರಿದೆ. ಯಾಕೋಬನ ಮನೆಯಿಂದ ಈಜಿಪ್ಟಿಗೆ ಹೋದ ಎಪ್ಪತ್ತು ಮಂದಿಯನ್ನು ಹೀಬ್ರೂ ಬೈಬಲ್ ‘ಎಪ್ಪತ್ತು ನೆಫೆಶ್’ ಎಂದೇ ಎಣಿಸುತ್ತದೆ. ನಮ್ಮ ಕಡೆ ‘ಮನೇಲಿ ಐದು ಜೀವ ಇದಾವೆ, ಹೊಟ್ಟೆ ತುಂಬಬೇಕು’ ಅಂತಾರಲ್ಲ, ಹಾಗೆ. ಆತ್ಮ ಎಂದರೆ ದೇವರು ಕೊಟ್ಟ ಉಸಿರು, ಒಳಗಿನ ಬಲ. ದೇವರ ಕಡೆ ತಿರುಗಲು, ಆತನ ಮಾತಿಗೆ ಓಗೊಡಲು ನಮಗಿರುವ ಶಕ್ತಿ.

ಹಾಗಾದರೆ ಇವು ಎರಡು ವಸ್ತುಗಳಾ? ನನ್ನ ತಿಳಿವಳಿಕೆಯಲ್ಲಿ ಅಲ್ಲ. ಒಬ್ಬರನ್ನೇ ಮನೆಯಲ್ಲಿ ಅಪ್ಪ ಅಂತಾರೆ, ಶಾಲೆಯಲ್ಲಿ ಮೇಷ್ಟ್ರು ಅಂತಾರೆ. ಮನುಷ್ಯ ಒಬ್ಬನೇ, ಸಂಬಂಧ ಬೇರೆ. ಲೋಕದಲ್ಲಿ ಬದುಕುವ ನಾನು ಪ್ರಾಣ, ದೇವರ ಎದುರು ನಿಲ್ಲುವ ಅದೇ ನಾನು ಆತ್ಮ. ಇದನ್ನು ಒಪ್ಪದ ಕ್ರೈಸ್ತರೂ ಇದ್ದಾರೆ. ಅವರ ವಾದವನ್ನು ಕೊನೆಯ ಭಾಗದಲ್ಲಿ ಕೊಟ್ಟಿದ್ದೇನೆ.

ಬೈಬಲ್‌ನಲ್ಲಿ ಇದು ಮೊದಲು ಬರೋದು ಎಲ್ಲಿ?

ಮನುಷ್ಯನ ಬಗ್ಗೆ ಮೊದಲು ಬರೋದು ಆದಿಕಾಂಡ 2:7ರಲ್ಲಿ. ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ಮಾಡಿ, ಮೂಗಿನಲ್ಲಿ ಜೀವದ ಉಸಿರು ಊದುತ್ತಾನೆ. ಆಗ ಮನುಷ್ಯ ‘ಬದುಕುವ ಪ್ರಾಣಿ’ (ಮೂಲದಲ್ಲಿ ನೆಫೆಶ್) ಆಗುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಮಣ್ಣಿನ ಗೊಂಬೆಯ ಒಳಗೆ ದೇವರು ಒಂದು ಪ್ರಾಣವನ್ನು ತಂದಿಟ್ಟ ಎಂದು ಬರೆದಿಲ್ಲ. ಮಣ್ಣು ಮತ್ತು ಉಸಿರು ಸೇರಿ ಮನುಷ್ಯನೇ ಪ್ರಾಣವಾದ ಎಂದಿದೆ. ಪ್ರಾಣ ನಮ್ಮ ಬಳಿ ಇರುವ ಆಸ್ತಿ ಅಂತ ನಾವು ಅಂದುಕೊಳ್ಳುತ್ತೇವೆ. ಆದಿಕಾಂಡದ ಪ್ರಕಾರ ನಾವೇ ಪ್ರಾಣ.

ಪ್ರಾಣ, ಆತ್ಮ, ಮನ ಅಂತ ಒಂದೊಂದು ಕಡೆ ಒಂದೊಂದು ಥರ ಇದೆ. ಓದುವಾಗ ಗೊಂದಲ ಆಗುತ್ತೆ, ಏನು ಮಾಡೋದು?

ವಾಕ್ಯದ ಸುತ್ತಮುತ್ತ ಓದಿ. ಮತ್ತಾಯ 10:28ರಲ್ಲಿ, ದೇಹವನ್ನು ಕೊಲ್ಲುವವರಿಗೆ ಹೆದರಬೇಡಿ, ಅವರು ಆತ್ಮವನ್ನು ಕೊಲ್ಲಲಾರರು ಎಂದು ಯೇಸು ಹೇಳುತ್ತಾರೆ. ಮೂಲದಲ್ಲಿ ಅಲ್ಲಿರುವುದು ಪ್ಸೂಖೆ, ಅಂದರೆ ಪ್ರಾಣ. ಬೈಬಲ್ ಬರೆದವರೇ ಈ ಪದಗಳನ್ನು ಗೆರೆ ಕೊರೆದಂತೆ ಬಳಸಿಲ್ಲ. ಮರಿಯಮ್ಮನವರ ಹಾಡಿನಲ್ಲಿ (ಲೂಕ 1:46-47) ನನ್ನ ಪ್ರಾಣ ಕರ್ತನನ್ನು ಕೊಂಡಾಡುತ್ತದೆ, ನನ್ನ ಆತ್ಮ ದೇವರಲ್ಲಿ ಸಂತೋಷಪಡುತ್ತದೆ ಎಂದಿದೆ. ಆ ತಾಯಿ ಎರಡು ಸಾಲಿನಲ್ಲಿ ಹೇಳಿದ್ದು ಒಂದೇ ಸಂತೋಷವನ್ನು. ಹೀಬ್ರೂ ಹಾಡುಗಳ ರೀತಿಯೇ ಹಾಗೆ.

ಪವಿತ್ರಾತ್ಮರು ನಮ್ಮೊಳಗೆ ಇದ್ದಾರೆ ಅಂತೀರಿ. ಹಾಗಾದ್ರೆ ನಮ್ಮ ಆತ್ಮ, ಪವಿತ್ರಾತ್ಮ ಎರಡೂ ಒಂದೇನಾ?

ಅಲ್ಲ. ಪವಿತ್ರಾತ್ಮರು ದೇವರು, ನಮ್ಮ ಆತ್ಮ ದೇವರ ಸೃಷ್ಟಿ. ರೋಮಾಪುರದವರಿಗೆ ಬರೆದ ಪತ್ರ 8:16ರಲ್ಲಿ ಅಪೊಸ್ತಲ ಪೌಲರು ಇಬ್ಬರನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತಾರೆ. ನಾವು ದೇವರ ಮಕ್ಕಳು ಎಂದು ಪವಿತ್ರಾತ್ಮರು ‘ನಮ್ಮ ಆತ್ಮದ ಜೊತೆ’ ಸಾಕ್ಷಿ ಹೇಳುತ್ತಾರೆ ಎಂಬುದು ಅಲ್ಲಿನ ಮಾತು.

ಹಸುಗೂ ಪ್ರಾಣ ಇದ್ಯಲ್ಲ, ಅದಕ್ಕೆ ಆತ್ಮ ಇಲ್ವಾ?

ಮಂಡ್ಯದ ಹಳ್ಳಿಯೊಂದರಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ಅವರ ಮನೆಯ ಹಸು ಸತ್ತಿತ್ತು. ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮೀನು, ಹಕ್ಕಿ, ದನಕರುಗಳಿಗೂ ಮನುಷ್ಯನಿಗೆ ಬಳಸಿದ ‘ನೆಫೆಶ್’ ಎಂಬ ಪದವನ್ನೇ ಬಳಸಿದೆ. ನೀತಿವಂತನು ತನ್ನ ದನಗಳ ಪ್ರಾಣವನ್ನೂ ಲಕ್ಷಿಸುತ್ತಾನೆ ಎಂದು ಜ್ಞಾನೋಕ್ತಿ 12:10 ಹೇಳುತ್ತದೆ. ಪ್ರಸಂಗಿ 3:21 ಇನ್ನೂ ಮುಂದೆ ಹೋಗಿ, ಮನುಷ್ಯನ ಆತ್ಮ ಮೇಲಕ್ಕೆ ಏರುತ್ತದೆ, ಪ್ರಾಣಿಯ ಆತ್ಮ ಕೆಳಕ್ಕೆ ಇಳಿಯುತ್ತದೆ ಎಂದು ಯಾರಿಗೆ ಗೊತ್ತು ಎಂದು ಕೇಳುತ್ತದೆ. 13ನೇ ಶತಮಾನದ ಥಾಮಸ್ ಅಕ್ವಿನಾಸರು ಪ್ರಾಣಿಗಳಿಗೆ ಪ್ರಾಣ ಇದೆ, ಅದು ದೇಹದ ಜೊತೆಗೇ ಮುಗಿಯುತ್ತದೆ ಎಂದರು. ದೇವರ ಸ್ವರೂಪದಲ್ಲಿ ಉಂಟಾದವನು ಮನುಷ್ಯ ಮಾತ್ರ ಎಂಬುದನ್ನು ಎಲ್ಲ ಸಭೆಗಳೂ ಒಪ್ಪುತ್ತವೆ. ಆದರೆ ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1781ರ ಒಂದು ಪ್ರಸಂಗದಲ್ಲಿ, ಹೊಸ ಸೃಷ್ಟಿಯಲ್ಲಿ ಪ್ರಾಣಿಗಳಿಗೂ ಪಾಲಿದೆ ಎಂದು ಬೋಧಿಸಿದರು. ರೋಮಾ 8:21ರಲ್ಲಿ ಇಡೀ ಸೃಷ್ಟಿಯೇ ನಾಶದ ಬಂಧನದಿಂದ ಬಿಡುಗಡೆಯಾಗುತ್ತದೆ ಎಂದಿದೆಯಲ್ಲ, ಅದೇ ಅವರ ಆಧಾರ. ಆ ಹುಡುಗಿಗೆ ನಾನು ವೆಸ್ಲಿಯವರ ಮಾತನ್ನೇ ಹೇಳಿದೆ.

## ಸಾವಿನ ಸುತ್ತ

ನಮ್ಮಪ್ಪ ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾರೆ. ಅವರ ಆತ್ಮ ಇಲ್ಲೇ ಇದ್ಯಾ, ಹೋಗ್ಬಿಟ್ಟಿದ್ಯಾ?

ಅಪ್ಪ ಬದುಕಿರುವ ತನಕ ಅಪ್ಪ ಅಲ್ಲೇ ಇದ್ದಾರೆ. ಆತ್ಮವಿಲ್ಲದ ದೇಹ ಸತ್ತದ್ದು ಎಂದು ಯಾಕೋಬನ ಪತ್ರ 2:26 ಹೇಳುತ್ತದೆ. ಬದುಕಿರುವ ದೇಹದಲ್ಲಿ ಆತ್ಮ ಇದೆ ಎಂದೇ ಸಭೆ ಇದನ್ನು ತಿಳಿದುಕೊಂಡಿದೆ. ಪ್ರಜ್ಞೆ ಬೇರೆ, ಆತ್ಮ ಬೇರೆ. ನಿದ್ದೆಯಲ್ಲಿ ನಮಗೆ ಪ್ರಜ್ಞೆ ಇರುವುದಿಲ್ಲ, ಹಾಗಂತ ನಾವು ಇಲ್ಲವಾಗುವುದಿಲ್ಲ.

ಒಳಗೆ ಬಿಟ್ಟಾಗ ಅವರ ಕೈ ಹಿಡಿದು ಮಾತಾಡಿ. 23ನೇ ಕೀರ್ತನೆ ಓದಿ. ಕ್ಯಾಥೊಲಿಕರಾದರೆ ಸ್ವಾಮಿಗಳನ್ನು (ಫಾದರ್) ಕರೆಸಿ ರೋಗಿಗಳ ಅಭ್ಯಂಗ (ಎಣ್ಣೆ ಹಚ್ಚಿ ಮಾಡುವ ಪ್ರಾರ್ಥನೆ) ಮಾಡಿಸಿ. ಪ್ರಜ್ಞೆ ಇಲ್ಲದವರಿಗೂ ಅದನ್ನು ಕೊಡುತ್ತಾರೆ. ನಮ್ಮ ಮಾತು ಅವರಿಗೆ ತಲುಪುತ್ತಾ ಎಂದು ಅಳೆಯುತ್ತಾ ಕೂರಬೇಡಿ.

ಅಜ್ಜಿ ತೀರ್ಕೊಂಡು ನಾಲ್ಕು ದಿನ ಆಯ್ತು. ಹನ್ನೊಂದನೇ ದಿನದ ತನಕ ಆತ್ಮ ಮನೆ ಸುತ್ತಾನೇ ಇರುತ್ತಂತೆ, ನಿಜವಾ?

ನಮ್ಮ ಕಡೆ ಅಕ್ಕಪಕ್ಕದ ಮನೆಗಳಲ್ಲಿ ಹನ್ನೊಂದನೇ ದಿನ ತಿಥಿ ಮಾಡುತ್ತಾರೆ. ಹಾಗಾಗಿ ಕ್ರೈಸ್ತ ಮನೆಗಳಲ್ಲೂ ಈ ಮಾತು ಬರುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಇಂಥ ಲೆಕ್ಕ ಇಲ್ಲ. ಮಣ್ಣು ಭೂಮಿಗೆ ಸೇರುತ್ತದೆ, ಆತ್ಮ ಅದನ್ನು ಕೊಟ್ಟ ದೇವರ ಬಳಿಗೆ ಹಿಂದಿರುಗುತ್ತದೆ ಎನ್ನುತ್ತದೆ ಪ್ರಸಂಗಿ 12:7. ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಯೇಸು ‘ಈ ಹೊತ್ತೇ’ ನನ್ನ ಸಂಗಡ ಪರದೈಸಿನಲ್ಲಿರುವೆ ಎಂದರು. ಕಲ್ಲೇಟು ತಿನ್ನುತ್ತಾ ಸ್ತೆಫನನು ‘ಯೇಸು ಕರ್ತನೇ, ನನ್ನ ಆತ್ಮವನ್ನು ಸೇರಿಸಿಕೋ’ ಎಂದು ಪ್ರಾರ್ಥಿಸಿದ.

ಅಜ್ಜಿಯ ಕೋಣೆಗೆ ಹೋದರೆ ಅವರು ಇದ್ದಂತೆ ಅನಿಸುತ್ತದೆ ಅಂತ ನೀವು ಬರೆದಿದ್ದೀರಿ. ಅದು ಪ್ರೀತಿ. ಅದಕ್ಕೆ ಹೆದರಬೇಕಿಲ್ಲ, ಪೂಜೆ ಮಾಡಿಸಿ ಓಡಿಸಬೇಕೂ ಇಲ್ಲ.

ಸತ್ತವರ ಆತ್ಮವೇ ದೆವ್ವ ಆಗಿ ಮೈಮೇಲೆ ಬರೋದಾ?

ಇಲ್ಲ. ಸುವಾರ್ತೆಗಳಲ್ಲಿ ಬರುವ ದುರಾತ್ಮಗಳು ಸತ್ತ ಮನುಷ್ಯರಲ್ಲ. ಅವು ದೇವರಿಗೆ ತಿರುಗಿಬಿದ್ದ ಬೇರೆ ಆತ್ಮಗಳು ಎಂಬುದು ಸಭೆಯ ಬೋಧನೆ. ಸತ್ತವರನ್ನು ಕರೆಸಿ ಮಾತಾಡಿಸುವುದನ್ನು ಧರ್ಮೋಪದೇಶಕಾಂಡ 18 ಸ್ಪಷ್ಟವಾಗಿ ನಿಷೇಧಿಸುತ್ತದೆ. ಒಬ್ಬರು ವಿಚಿತ್ರವಾಗಿ ಆಡಲು ಶುರು ಮಾಡಿದರೆ ಮೊದಲು ವೈದ್ಯರಿಗೆ ತೋರಿಸಿ. ಭೂತ ಬಿಡಿಸುವ ಪ್ರಾರ್ಥನೆಗೆ ಮುಂಚೆ ಕಾಯಿಲೆ ಇದೆಯಾ ಎಂದು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು ಎಂಬುದು ಕ್ಯಾಥೊಲಿಕ್ ಸಭೆಯ ನಿಯಮವೂ ಹೌದು.

ನವೆಂಬರ್ 2ಕ್ಕೆ ಸಮಾಧಿಗೆ ಹೂವು, ಮೊಂಬತ್ತಿ ಇಡ್ತೀವಿ. ನಮ್ಮ ಅತ್ತೆ ಸಿ.ಎಸ್.ಐ.ನವರು, ಅವರು ಮಾತ್ರ ಸತ್ತವರಿಗಾಗಿ ಪ್ರಾರ್ಥನೆ ಮಾಡಲ್ಲ. ಯಾಕೆ?

ಸುಮಾರು ಸಾವಿರ ವರ್ಷದ ಹಿಂದೆ ಫ್ರಾನ್ಸ್‌ನ ಕ್ಲುನಿ ಮಠದ ಒಡಿಲೊ ಎಂಬ ಮಠಾಧಿಪತಿ ತಮ್ಮ ಮಠಗಳಲ್ಲಿ ಈ ದಿನವನ್ನು ಶುರು ಮಾಡಿದರು. ದೇವರ ಪ್ರೀತಿಯಲ್ಲಿ ತೀರಿಕೊಂಡರೂ ಇನ್ನೂ ಶುದ್ಧಿಯಾಗಬೇಕಾದ ಆತ್ಮಗಳಿವೆ, ನಮ್ಮ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ ಎಂಬುದು ಕ್ಯಾಥೊಲಿಕ್ ನಂಬಿಕೆ. ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ ಅದಕ್ಕೆ ಒಂದು ಆಧಾರ. ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ ಆ ಗ್ರಂಥ ಇಲ್ಲ. ಸತ್ತ ಕೂಡಲೇ ಕ್ರಿಸ್ತನ ಸನ್ನಿಧಿ ಸೇರಿದವರಿಗೆ ನಮ್ಮ ಪ್ರಾರ್ಥನೆ ಬೇಕಿಲ್ಲ ಎಂಬುದು ಅವರ ನಿಲುವು. ಅತ್ತೆ ನಿಮ್ಮ ಜೊತೆ ಸಮಾಧಿಗೆ ಬಂದು ದೇವರಿಗೆ ಕೃತಜ್ಞತೆ ಹೇಳಬಹುದಲ್ಲ. ಅದಕ್ಕೆ ಯಾವ ಸಭೆಯದ್ದೂ ಅಡ್ಡಿಯಿಲ್ಲ.

ಫಿಲೋಮಿನಾ ಚರ್ಚ್‌ನ ನೆಲಮಾಳಿಗೆಯಲ್ಲಿ ಸಂತಳ ಪ್ರತಿಮೆ ಮಲಗಿಸಿದ್ದಾರೆ. ಅವರ ಆತ್ಮ ಅಲ್ಲೇ ಇದ್ಯಾ?

ದಸರಾ ನೋಡಲು ಬಂದ ಸ್ನೇಹಿತರು ಕೇಳಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರ್ 1933ರಲ್ಲಿ ಅಡಿಗಲ್ಲು ಇಟ್ಟ ಚರ್ಚ್ ಅದು. ಫಿಲೋಮಿನಾ ಅವರದೆಂದು ನಂಬಲಾದ ಅಸ್ಥಿಗಳು 1802ರಲ್ಲಿ ರೋಮ್ ನಗರದ ಪ್ರಿಸಿಲ್ಲಾ ಭೂಗತ ಸಮಾಧಿಯಲ್ಲಿ ಸಿಕ್ಕವು. ಕ್ರೈಸ್ತ ನಂಬಿಕೆಯಂತೆ ಸಂತರ ಆತ್ಮ ದೇವರ ಬಳಿ ಇದೆ, ಪ್ರತಿಮೆಯಲ್ಲಾಗಲಿ ಅಸ್ಥಿಯಲ್ಲಾಗಲಿ ವಾಸ ಮಾಡುವುದಿಲ್ಲ. ಮತ್ತೆ ಅಸ್ಥಿಗೆ ಯಾಕೆ ಅಷ್ಟು ಗೌರವ? ಆ ದೇಹ ಪವಿತ್ರಾತ್ಮರ ಆಲಯವಾಗಿತ್ತು, ಮುಂದೆ ಎದ್ದು ಬರಲಿದೆ ಎಂಬ ಕಾರಣಕ್ಕೆ.

ಮೇಲುಕೋಟೆ ಕಡೆಯ ನಮ್ಮ ಸ್ನೇಹಿತರು ಜೀವಾತ್ಮ, ಪರಮಾತ್ಮ ಅಂತಾರೆ. ನೀವು ಹೇಳೋದೂ ಅದೇ ಅಲ್ವಾ?

ಹತ್ತಿರದ ಮಾತುಗಳಿವೆ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಜೀವ ಬೇರೆ, ಪರಮಾತ್ಮ ಬೇರೆ, ಜೀವವು ದೇವರನ್ನೇ ಆಶ್ರಯಿಸಿ ಬದುಕುತ್ತದೆ, ಶರಣಾಗತಿಯೇ ದಾರಿ ಎಂದು ಬೋಧಿಸಿದರು. ಇದನ್ನು ಓದುವ ಕ್ರೈಸ್ತನಿಗೆ ಆಪ್ತವೆನಿಸುತ್ತದೆ.

ಆದರೆ ಎರಡು ಕಡೆ ದಾರಿ ಬೇರೆಯಾಗುತ್ತದೆ. ರಾಮಾನುಜರ ವಿಶಿಷ್ಟಾದ್ವೈತದಲ್ಲಿ ಜೀವಕ್ಕೆ ಆದಿಯಿಲ್ಲ. ಕ್ರೈಸ್ತ ನಂಬಿಕೆಯಲ್ಲಿ ಆತ್ಮಕ್ಕೆ ಆರಂಭವಿದೆ, ದೇವರು ಸೃಷ್ಟಿಸುವ ಮುಂಚೆ ಅದು ಇರಲಿಲ್ಲ. ಇನ್ನೊಂದು, ಜನ್ಮಾಂತರ. ಮನುಷ್ಯ ಒಂದೇ ಸಾರಿ ಸಾಯುತ್ತಾನೆ, ಆಮೇಲೆ ನ್ಯಾಯತೀರ್ಪು ಎನ್ನುತ್ತದೆ ಇಬ್ರಿಯರಿಗೆ 9:27. ಸ್ನೇಹಿತರ ಜೊತೆ ಮಾತಾಡುವಾಗ ಎಲ್ಲ ಒಂದೇ ಅಂತ ಸುಮ್ನೆ ತೇಲಿಸಬೇಡಿ. ವ್ಯತ್ಯಾಸವನ್ನು ಗೌರವದಿಂದ ಹೇಳಿದರೆ ಸ್ನೇಹ ಕೆಡುವುದಿಲ್ಲ.

## ಮನಸ್ಸು, ಪ್ರಾರ್ಥನೆ

ನನಗೆ ಡಿಪ್ರೆಶನ್ ಇದೆ. ಇದು ಆತ್ಮದ ಸಮಸ್ಯೆ, ಮಾತ್ರೆ ಬಿಟ್ಟು ಉಪವಾಸ ಪ್ರಾರ್ಥನೆ ಮಾಡು ಅಂತಾರೆ. ಏನು ಮಾಡ್ಲಿ?

ಮಾತ್ರೆ ಬಿಡಬೇಡಿ. ಈ ಪುಟದಲ್ಲಿ ನೀವು ಇದೊಂದನ್ನೇ ಓದಿದರೂ ಸಾಕು.

ಪ್ರವಾದಿ ಎಲೀಯನ ಕಥೆ ನೋಡಿ, ಅರಸುಗಳ ಮೊದಲನೇ ಗ್ರಂಥ 19ನೇ ಅಧ್ಯಾಯ. ಬಾಳನೆಂಬ ಅನ್ಯದೇವರ ಪ್ರವಾದಿಗಳ ಎದುರು ಗೆದ್ದ ಮನುಷ್ಯ. ಮರುದಿನವೇ ಎನ್ನುವಂತೆ ಅಡವಿಗೆ ಓಡಿ, ಗಿಡದ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಕೋ ಸ್ವಾಮಿ ಅಂತ ಬೇಡುತ್ತಾನೆ. ಅವನಿಗೆ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಲಾದೀತಾ? ದೇವದೂತ ಬಂದು ಬೈಯಲಿಲ್ಲ, ಉಪವಾಸ ಮಾಡು ಎನ್ನಲಿಲ್ಲ. ಎದ್ದು ಊಟ ಮಾಡು ಎಂದ. ಬಿಸಿ ರೊಟ್ಟಿ ಇತ್ತು, ನೀರಿತ್ತು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಾರಿ ಎಬ್ಬಿಸಿ ಮತ್ತೆ ಉಣ್ಣಿಸಿದ. ದೇವರು ಮೆಲುದನಿಯಲ್ಲಿ ಮಾತಾಡಿದ್ದು ಅದೆಲ್ಲ ಆದ ಮೇಲೆ.

ದೇಹ, ಮನಸ್ಸು, ಆತ್ಮ ಒಬ್ಬ ಮನುಷ್ಯನಲ್ಲಿ ಹೆಣೆದುಕೊಂಡಿವೆ. ಮೆದುಳಿಗೆ ಕಾಯಿಲೆ ಬಂದರೆ ಪ್ರಾರ್ಥನೆಯೂ ಒಣಗಿದಂತೆ ಅನಿಸುತ್ತದೆ. ದೇವರು ದೂರ ಹೋದರೆಂದು ಅದರ ಅರ್ಥವಲ್ಲ. ಪ್ರಾಣ, ಆತ್ಮ ಎಂಬ ವ್ಯತ್ಯಾಸವನ್ನು ಹಿಡಿದುಕೊಂಡು ಕಾಯಿಲೆಯವರ ಮೇಲೆ ತಪ್ಪು ಹೊರಿಸುವುದು ನನಗೆ ತುಂಬ ನೋವು ಕೊಡುತ್ತದೆ. ವೈದ್ಯರನ್ನು ಕಾಣಿ, ಪ್ರಾರ್ಥನೆಯನ್ನೂ ಮಾಡಿ. ಪ್ರಾರ್ಥಿಸಲು ಆಗದ ದಿನ ನಿಮಗಾಗಿ ಬೇರೆಯವರು ಪ್ರಾರ್ಥಿಸಲಿ. ಬದುಕೇ ಬೇಡ ಅನಿಸಿದರೆ ಆ ಕ್ಷಣವೇ ಒಬ್ಬರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಅನ್ಯಭಾಷೆಯಲ್ಲಿ ಪ್ರಾರ್ಥಿಸುವಾಗ ಮಾತಾಡೋದು ನನ್ನ ಆತ್ಮನಾ, ಮನಸ್ಸಾ?

ಪವಿತ್ರಾತ್ಮರ ವರವೆಂದು, ತನಗೇ ಅರ್ಥವಾಗದ ಮಾತಿನಲ್ಲಿ ಪ್ರಾರ್ಥಿಸುವುದಕ್ಕೆ ಅನ್ಯಭಾಷೆ ಅಂತಾರೆ. 1 ಕೊರಿಂಥ 14:14ರಲ್ಲಿ ಪೌಲರು, ಆಗ ನನ್ನ ಆತ್ಮ ಪ್ರಾರ್ಥಿಸುತ್ತದೆ, ಬುದ್ಧಿ ನಿಷ್ಫಲವಾಗಿರುತ್ತದೆ ಎನ್ನುತ್ತಾರೆ. ಮುಂದಿನ ವಚನವನ್ನೂ ಓದಿ: ಆತ್ಮದಿಂದಲೂ ಪ್ರಾರ್ಥಿಸುವೆನು, ಬುದ್ಧಿಯಿಂದಲೂ ಪ್ರಾರ್ಥಿಸುವೆನು. ಅವರಿಗೆ ಎರಡೂ ಬೇಕು.

‘ನೀನು ಇನ್ನೂ ಪ್ರಾಣದ ಮಟ್ಟದಲ್ಲಿದ್ದೀಯ, ಆತ್ಮಿಕನಾಗಿಲ್ಲ’ ಅಂತ ಕೂಟದಲ್ಲಿ ಒಬ್ಬರು ಅಂದ್ರು. ಅಂಥ ಮಟ್ಟಗಳು ಇದಾವಾ?

ಈ ಮಾತಿನ ಬೇರು 1 ಕೊರಿಂಥ 2:14ರಲ್ಲಿದೆ. ದೇವರಾತ್ಮನ ವಿಷಯಗಳನ್ನು ಬೇಡವೆನ್ನುವವನನ್ನು ಪೌಲರು ‘ಪ್ಸೂಖಿಕೋಸ್’ ಎನ್ನುತ್ತಾರೆ. ಕನ್ನಡದಲ್ಲಿ ‘ಪ್ರಾಕೃತ ಮನುಷ್ಯ’ ಎಂದಿದೆ. ಪವಿತ್ರಾತ್ಮರಿಗೆ ತೆರೆದುಕೊಂಡವನು ಆತ್ಮಿಕ. ಮನುಷ್ಯ ಯಾರ ಮಾತು ಕೇಳಿ ಬದುಕುತ್ತಾನೆ ಎಂಬುದರ ಬಗ್ಗೆ ಈ ಮಾತು. ಮುಂದಿನ ಅಧ್ಯಾಯದಲ್ಲೇ ಪೌಲರು, ನಿಮ್ಮಲ್ಲಿ ಹೊಟ್ಟೆಕಿಚ್ಚು, ಜಗಳ ಇರುವಾಗ ನೀವು ಆತ್ಮಿಕರು ಹೇಗಾದೀರಿ ಎಂದು ಕೇಳುತ್ತಾರೆ. ಅಲ್ಲಿಗೆ ಅಳತೆಗೋಲು ಸಿಕ್ಕಿತಲ್ಲ. ಇನ್ನೊಬ್ಬರನ್ನು ಕೀಳು ಮಾಡುವವರು ಆ ಅಳತೆಗೆ ಮೊದಲು ತಮ್ಮನ್ನು ಒಡ್ಡಿಕೊಳ್ಳಲಿ.

## ಸ್ವಲ್ಪ ಆಳದ ಪ್ರಶ್ನೆಗಳು

ಮನುಷ್ಯನಲ್ಲಿ ಎರಡು ಭಾಗವಾ, ಮೂರು ಭಾಗವಾ? ನಮ್ಮ ಪಾಸ್ಟರ್ ಮೂರು ಅಂತಾರೆ, ಫಾದರ್ ಎರಡು ಅಂತಾರೆ.

ಮೂರು ಎನ್ನುವವರಿಗೆ ಎರಡು ಬಲವಾದ ವಚನಗಳಿವೆ. 1 ಥೆಸಲೊನೀಕ 5:23ರಲ್ಲಿ ಪೌಲರು ಆತ್ಮ, ಪ್ರಾಣ, ಶರೀರ ಮೂರನ್ನೂ ಹೆಸರಿಸಿ ಪ್ರಾರ್ಥಿಸುತ್ತಾರೆ. ಇಬ್ರಿಯ 4:12ರಲ್ಲಿ ದೇವರ ವಾಕ್ಯ ಪ್ರಾಣವನ್ನೂ ಆತ್ಮವನ್ನೂ ವಿಭಾಗಿಸುವಷ್ಟು ಹರಿತ ಎಂದಿದೆ. 20ನೇ ಶತಮಾನದಲ್ಲಿ ಚೀನಾದ ವಾಚ್‌ಮನ್ ನೀ ಅವರಂಥ ಬೋಧಕರಿಂದ ಈ ಬೋಧನೆ ಪೆಂಟೆಕೋಸ್ಟಲ್ ಮತ್ತು ಬ್ರದರನ್ ಸಭೆಗಳಲ್ಲಿ ಜಾಸ್ತಿ ಹರಡಿತು. ಅವರ ಪ್ರಕಾರ ದೇಹದಿಂದ ಲೋಕವನ್ನು, ಪ್ರಾಣದಿಂದ ನಮ್ಮನ್ನು, ಆತ್ಮದಿಂದ ದೇವರನ್ನು ಅರಿಯುತ್ತೇವೆ.

ದೇಹ ಮತ್ತು ಆತ್ಮ ಎರಡೇ ಎನ್ನುವವರು ಹೇಳುವುದು ಹೀಗೆ. ಮಾರ್ಕ 12:30ರಲ್ಲಿ ಹೃದಯ, ಪ್ರಾಣ, ಬುದ್ಧಿ, ಶಕ್ತಿ ಎಂದು ನಾಲ್ಕಿವೆ. ಹಾಗಂತ ಮನುಷ್ಯನಲ್ಲಿ ನಾಲ್ಕು ಭಾಗ ಅಂತ ಯಾರೂ ಹೇಳುವುದಿಲ್ಲ. ಸತ್ತ ನಂತರ ದೇವರ ಬಳಿ ಇರುವವರನ್ನು ಪ್ರಕಟನೆ 6:9 ಪ್ರಾಣಗಳು ಎನ್ನುತ್ತದೆ, ಇಬ್ರಿಯ 12:23 ಆತ್ಮಗಳು ಎನ್ನುತ್ತದೆ. 869-870ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಮನುಷ್ಯನಿಗೆ ಎರಡು ಆತ್ಮಗಳಿವೆ ಎಂಬ ಬೋಧನೆಯನ್ನು ತಳ್ಳಿಹಾಕಿತು. ಆರ್ಥೊಡಾಕ್ಸ್ ಸಭೆಗಳು ಆ ಮಹಾಸಭೆಯನ್ನು ಒಪ್ಪುವುದಿಲ್ಲ, ಕ್ಯಾಥೊಲಿಕರು ಒಪ್ಪುತ್ತಾರೆ. 1992ರ ಕ್ಯಾಥೊಲಿಕ್ ಧರ್ಮೋಪದೇಶದ 367ನೇ ಪರಿಚ್ಛೇದ ಥೆಸಲೊನೀಕದ ವಚನವನ್ನು ಎತ್ತಿಕೊಂಡು, ಇದರಿಂದ ಪ್ರಾಣ ಎರಡಾಗುವುದಿಲ್ಲ, ಮನುಷ್ಯ ದೇವರ ಜೊತೆಗಿನ ಐಕ್ಯಕ್ಕಾಗಿ ಉಂಟಾದವನು ಎಂಬುದನ್ನು ‘ಆತ್ಮ’ ಎಂಬ ಮಾತು ತೋರಿಸುತ್ತದೆ ಎಂದು ವಿವರಿಸುತ್ತದೆ.

ನಾನು ಎರಡನೇ ಕಡೆ. ಇಬ್ರಿಯ 4:12ರಲ್ಲಿ ಕೀಲು ಮತ್ತು ಮಜ್ಜೆಯ ಮಾತೂ ಬರುತ್ತದೆ. ಆ ವಚನ ಮುಗಿಯುವುದು ಹೃದಯದ ಆಲೋಚನೆಗಳನ್ನು ವಿವೇಚಿಸುವುದರಲ್ಲಿ. ದೇವರ ಮಾತು ನಮ್ಮೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಲೇಖಕರು ಹೇಳುತ್ತಿದ್ದಾರೆ. ಅಂಗರಚನೆಯ ಪಾಠ ಮಾಡುತ್ತಿಲ್ಲ. ಆದರೂ ಮೂರು ಎನ್ನುವ ಪಾಸ್ಟರನ್ನು ಸುಳ್ಳು ಬೋಧಕ ಎನ್ನಬೇಡಿ. ಆದಿಸಭೆಯ ದೊಡ್ಡವರಲ್ಲೂ ಹಾಗೆ ಮಾತಾಡಿದವರಿದ್ದಾರೆ.

ಯೇಸು ದೇವರಲ್ವಾ? ಅವರಿಗೆ ನಮ್ಮ ಹಾಗೆ ಆತ್ಮ ಇತ್ತಾ?

ಇತ್ತು. 4ನೇ ಶತಮಾನದಲ್ಲಿ ಲವೊದಿಕೀಯದ ಬಿಷಪ್ ಅಪೊಲಿನಾರಿಸ್ ಇಲ್ಲ ಎಂದರು. ಯೇಸುವಿನಲ್ಲಿ ಮನುಷ್ಯನ ಬುದ್ಧಿಯ ಜಾಗದಲ್ಲಿ ದೇವರ ವಾಕ್ಯವೇ (ಅಂದರೆ ದೇವರ ಮಗನೇ) ಇತ್ತು ಎಂಬುದು ಅವರ ಬೋಧನೆ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅದನ್ನು ಖಂಡಿಸಿತು. ಅದೇ ಕಾಲದ ಬಿಷಪ್ ನಾಜಿಯಾಂಜಸ್‌ನ ಗ್ರೆಗೊರಿಯವರ ವಾದ ಚಿಕ್ಕದು, ಆದರೆ ಎಲ್ಲವನ್ನೂ ಹೇಳುತ್ತದೆ: ಕ್ರಿಸ್ತರು ಯಾವುದನ್ನು ತಮ್ಮದಾಗಿ ಮಾಡಿಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ. ನಮ್ಮ ಮನಸ್ಸು, ಆತ್ಮ ವಾಸಿಯಾಗಬೇಕಾದರೆ ಅವರು ಅದನ್ನೂ ಹೊತ್ತಿರಬೇಕು. ಗೆತ್ಸೆಮನೆಯಲ್ಲಿ ಅವರು ನನ್ನ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದರು. ಶಿಲುಬೆಯ ಮೇಲೆ ತಮ್ಮ ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದರು.

ಮಗುಗೆ ಆತ್ಮ ಬರೋದು ಅಪ್ಪ ಅಮ್ಮನಿಂದನಾ, ದೇವರಿಂದ ನೇರವಾಗಾ?

ಪ್ರತಿ ಆತ್ಮವನ್ನೂ ದೇವರು ನೇರವಾಗಿ ಸೃಷ್ಟಿಸುತ್ತಾರೆ ಎಂಬುದು ಕ್ಯಾಥೊಲಿಕ್ ಬೋಧನೆ. ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಕೂಡ ಹಾಗೇ ಹೇಳಿದರು. ದೇಹದಂತೆ ಆತ್ಮವೂ ತಂದೆತಾಯಿಯಿಂದ ಇಳಿದು ಬರುತ್ತದೆ ಎಂದವರು 3ನೇ ಶತಮಾನದ ಕ್ರೈಸ್ತ ಲೇಖಕ ತೆರ್ತುಲಿಯನ್. ಆದಿಸಭೆಯ ದೊಡ್ಡ ಬೋಧಕರಾದ ಅಗಸ್ಟೀನರು ಜೀವಮಾನವಿಡೀ ಯೋಚಿಸಿಯೂ ತೀರ್ಮಾನಕ್ಕೆ ಬರಲಿಲ್ಲ. ಆತ್ಮ ಹುಟ್ಟಿಗೆ ಮುಂಚೆಯೇ ಎಲ್ಲೋ ಇತ್ತು ಎಂಬುದನ್ನು ಮಾತ್ರ ಸಭೆ 6ನೇ ಶತಮಾನದಲ್ಲೇ ನಿರಾಕರಿಸಿತು.

ಆತ್ಮ ಸಾಯಲ್ಲ ಅಂದಮೇಲೆ ಸತ್ತ ದೇಹ ಮತ್ತೆ ಯಾಕೆ ಎದ್ದು ಬರಬೇಕು?

ಯಾಕೆಂದರೆ ಆತ್ಮ ಮಾತ್ರವೇ ನಾನಲ್ಲ. ಅಕ್ವಿನಾಸರು ಹೆಚ್ಚುಕಡಿಮೆ ಇದೇ ಮಾತು ಬರೆದಿದ್ದಾರೆ: ನನ್ನ ಆತ್ಮ ನಾನಲ್ಲ, ಆತ್ಮ ಮಾತ್ರ ಉಳಿದರೆ ನಾನು ಉಳಿದಂತಾಗಲಿಲ್ಲ. ದೇಹ ಒಂದು ಜೈಲು, ಸಾವೇ ಬಿಡುಗಡೆ ಎಂಬ ಆಲೋಚನೆ ಪ್ಲೇಟೋನಲ್ಲಿದೆ. ಬೈಬಲ್‌ನಲ್ಲಿ ಇಲ್ಲ. ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ಪ್ರತಿ ಭಾನುವಾರ ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಎಂದು ನಾವು ಹೇಳುವುದು ಅದಕ್ಕೇ. ಸೆವೆಂತ್ ಡೇ ಅಡ್ವೆಂಟಿಸ್ಟರು ಇನ್ನೂ ಮುಂದೆ ಹೋಗಿ, ಸತ್ತವರು ಆ ದಿನದ ತನಕ ಏನೂ ಅರಿಯದೆ ನಿದ್ರಿಸುತ್ತಾರೆ ಎಂದು ನಂಬುತ್ತಾರೆ. ಹೆಚ್ಚಿನ ಸಭೆಗಳು ಅದನ್ನು ಒಪ್ಪುವುದಿಲ್ಲ, ಆದರೆ ಕೊನೆಗೆ ಕಾಯುವುದು ಎಲ್ಲರೂ ಪುನರುತ್ಥಾನಕ್ಕೇ.

ಪೌಲರು 1 ಕೊರಿಂಥ 15:44ರಲ್ಲಿ ಈಗಿನದನ್ನು ಪ್ರಾಣದ ದೇಹ, ಮುಂದಿನದನ್ನು ಆತ್ಮಿಕ ದೇಹ ಎನ್ನುತ್ತಾರೆ. ಆತ್ಮಿಕ ದೇಹ ಅಂದರೆ ಹೊಗೆಯಂಥ ದೇಹ ಅಲ್ಲ, ಪವಿತ್ರಾತ್ಮರಿಂದ ಬದುಕುವ ದೇಹ. ಎದ್ದು ಬಂದ ಯೇಸುವನ್ನು ನೋಡಿ ಶಿಷ್ಯರು ಭೂತವೆಂದು ಹೆದರಿದರು. ಆಗ ಅವರು ಗಾಯದ ಕೈಕಾಲು ತೋರಿಸಿ, ಮುಟ್ಟಿ ನೋಡಿ ಎಂದರು. ತಿನ್ನೋಕೆ ಏನಾದರೂ ಇದೆಯಾ ಎಂದು ಕೇಳಿದರು. ಶಿಷ್ಯರು ಕೊಟ್ಟ ಸುಟ್ಟ ಮೀನನ್ನು ಅವರ ಎದುರಿಗೇ ತಿಂದರು.